ಕೈ ಕೆಳಗಿನ ಹೆಗಲು

ಮಾಯವಾಗಬೇಕಾದವನು ತಮ್ಮ, ಆದರೆ ಮಾಯವಾಗುತ್ತಿದ್ದವನು ಅಣ್ಣ. ಬೋರ್ಡು ಬರೆಯುವ ಮುದುಕ ಮೌಸಿನಿಂದ ಕೈ ತೆಗೆದು ಪರದೆಯನ್ನೇ ನೋಡಿದ. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ವಾಚ್ ರಿಪೇರಿಯವನೂ ನೋಡಿದ. ಅವನದೇ ಮುಖ ನೀರು ಬೆರೆಸಿದ ಹಾಲಿನ ಹಾಗೆ ತೆಳುವಾಗುತ್ತಾ ಹೋಗಿತ್ತು. ತಮ್ಮ ಮಾತ್ರ ಗುಂಡುಕಲ್ಲಿನ ಹಾಗೆ ನಗುತ್ತಾ ನಿಂತಿದ್ದ.

“ನನ್ನನ್ನೇ ಎತ್ತಿಬಿಟ್ರಲ್ಲ ಯಜಮಾನ್ರೇ,” ಅಂದ ವಾಚಿನವನು. “ನನ್ನ ತಮ್ಮನೇನಾದ್ರೂ ಮೊದಲೇ ಬಂದು ಹೇಳಿ ಹೋಗಿದ್ನಾ?”

ಇಪ್ಪತ್ತು ವರ್ಷದ ಹಿಂದೆ ಆ ಅಣ್ಣತಮ್ಮಂದಿರನ್ನು ಅವರ ವಾಚ್ ಅಂಗಡಿಯ ತಗಡಿನ ಬೋರ್ಡಿನ ಮೇಲೆ ಕುಂಚದಲ್ಲಿ ಬರೆದವನು ಈ ಮುದುಕನೇ. ಅದನ್ನು ಅವನ ಸೊಸೆ ಗೆರೆ ಗೆರೆಯಾಗಿ ಕಂಪ್ಯೂಟರಿಗೆ ಇಳಿಸಿದ್ದಳು. ಕಳೆದ ತಿಂಗಳು ತಮ್ಮ ಜಗಳವಾಡಿ ಹೊರಬಿದ್ದು, ಎದುರು ಸಾಲಿನಲ್ಲೇ ಅಂಗಡಿ ಇಟ್ಟ. ಹೊಸ ಬೋರ್ಡಿನಲ್ಲಿ ಅವನಿರಕೂಡದು, ಆದರೆ ಗಿರಾಕಿಗಳು ಗುರುತಿಟ್ಟ ಚಿತ್ರವೂ ಬದಲಾಗಕೂಡದು, ಇದು ಅಣ್ಣನ ಹಟ.

ಸೊಸೆ ಬೇರೊಂದು ಬೋರ್ಡು ಕಟ್ಟಿಸಲು ಹೋಗಿದ್ದಳು. ಹೋಗುವ ಮುಂಚೆ ಹೇಳಿಕೊಟ್ಟಿದ್ದಳು: ಚಿತ್ರ ಕತ್ತರಿಸಬೇಡಿ ಮಾವ, ಮೇಲೊಂದು ಮಾಸ್ಕ್ ಹಾಕಿ, ಅದಕ್ಕೆ ಕಪ್ಪಿನಿಂದ ಬಿಳಿಗೆ ಮೆಲ್ಲಗೆ ತಿರುಗುವ ಬಣ್ಣ ತುಂಬಿ, ಕಪ್ಪಿದ್ದ ಕಡೆ ಕಾಣಿಸಲ್ಲ, ಬಿಳಿಯಿದ್ದ ಕಡೆ ಕಾಣಿಸತ್ತೆ. ಮುದುಕ ತಲೆಯಾಡಿಸಿದ್ದ. ಆದರೆ ಜೀವಮಾನವೆಲ್ಲ ಕಪ್ಪು ಬಳಿದಲ್ಲೇ ಅಕ್ಷರ ಕಂಡ ಕೈ ಅದು. ಉಳಿಯಬೇಕಾದವನ ಮೇಲೇ ಕಪ್ಪು ಎಳೆದಿತ್ತು.

ಅವನು ಬಣ್ಣವನ್ನು ತಿರುವು ಮುರುವು ಮಾಡಿದ. ಅಣ್ಣ ಮರಳಿ ಬಂದ, ತಮ್ಮ ಕರಗಿದ. ಉಳಿದದ್ದು ಅಣ್ಣನ ಬಲಗೈ. ತಮ್ಮನ ಹೆಗಲ ಮೇಲಿದ್ದ ಆ ಕೈಯನ್ನು ಸೊಸೆ ಬೇರೆ ಪದರದಲ್ಲಿಟ್ಟಿದ್ದಳು, ಹಾಗಾಗಿ ಮಾಸ್ಕಿಗೆ ಸಿಕ್ಕಿರಲಿಲ್ಲ. ಈಗ ಗಾಳಿಯಲ್ಲಿ ತೂಗುತ್ತಿತ್ತು.

“ಈ ಕೈ ಯಾತರ ಮೇಲಿದೆ?” ವಾಚಿನವನು ಕೇಳಿದ.

ಬೇಡವೆಂದರೆ ಅದನ್ನೂ ಮುಚ್ಚಬಹುದು ಎಂದ ಮುದುಕ. ಒಂದೇ ಕೈಯವನಿಗೆ ಯಾರು ವಾಚ್ ಕೊಡುತ್ತಾರೆ ಎಂದ ಇವನು. ಹಾಗಾದರೆ ಕೈಗೆ ಆಸರೆಯಾಗಿ ಹೆಗಲೊಂದನ್ನೇ ಉಳಿಸೋಣವೆಂದು ಇಬ್ಬರೂ ಒಪ್ಪಿದರು. ಉಳಿಸಿ ನೋಡಿದರು.

“ತಲೆಯಿಲ್ಲದ ಹೆಗಲು ನೋಡಿದ್ರೆ ಗಿರಾಕಿಗಳು ಹೆದರಿ ಎದುರಂಗಡಿಗೇ ಓಡ್ತಾರಪ್ಪ,” ಅಂದ ಮುದುಕ.

ವಾಚಿನವನಿಗೆ ಥಟ್ಟನೆ ಬೇರೇನೋ ಹೊಳೆದಂತಾಯಿತು. “ತಲೇನ ಅಳಿಸಿಬಿಟ್ರಾ? ಪೂರ್ತಿ ಹೋಯ್ತಾ?”

“ಅಳಿಸಿಲ್ಲ. ಕೆಳಗೆ ಹಾಗೇ ಇದಾನೆ. ಮೇಲೆ ಮುಚ್ಚಿದೀನಿ ಅಷ್ಟೆ.”

ಮುದುಕ ಬಿಳಿಯನ್ನು ಮೆಲ್ಲಗೆ ಆ ಕಡೆ ಎಳೆದ. ಗಲ್ಲ ಬಂತು, ಸೊಟ್ಟ ಮೂಗು ಬಂತು, ಮಂಜಿನಾಚೆ ನಿಂತವನ ಹಾಗೆ ಒಂದು ನಗು ಬಂತು. ಅಲ್ಲಿಗೆ ಸಾಕೆಂದು ವಾಚಿನವನು ಅವನ ಮಣಿಕಟ್ಟು ಹಿಡಿದ.

“ಮುಖ ಗೊತ್ತಾಗತ್ತಾ?”

“ಗೊತ್ತಿದ್ದೋರಿಗೆ ಗೊತ್ತಾಗತ್ತೆ,” ಅಂದ ಮುದುಕ.

ವಾಚಿನವನು ಎದ್ದು ಬಾಗಿಲವರೆಗೆ ಹೋಗಿ, ರಸ್ತೆಯ ಆಚೆ ಬದಿಯಿಂದ ನೋಡುವವನ ಹಾಗೆ ತಿರುಗಿ ನಿಂತ. ಕಣ್ಣು ಕಿರಿದು ಮಾಡಿದ. ಇನ್ನೊಂದು ಕೂದಲೆಳೆಯಷ್ಟು, ಎಂಬಂತೆ ಬಲಗೈಯೆತ್ತಿದ. ಮುಚ್ಚುವುದೋ ಬಿಚ್ಚುವುದೋ ತಿಳಿಯದೆ ಮುದುಕ ಮೌಸಿನ ಮೇಲೆ ಬೆರಳಿಟ್ಟು ಕಾದ. ಬಾಗಿಲಲ್ಲಿ ಆ ಬಲಗೈ, ಪಕ್ಕದಲ್ಲಿ ಒಬ್ಬ ನಿಂತಿದ್ದರೆ ಅವನ ಹೆಗಲು ಬರುವಷ್ಟು ಎತ್ತರದಲ್ಲಿ, ಹಾಗೇ ಉಳಿದಿತ್ತು.