ಶಾಫ್ಟು ತೊಳೆದವಳು

ಬದಿಯಡ್ಕದ ಬಸ್ಸು ನಡುಗಲು ಶುರುವಾದಾಗ ಊರಿನವರೆಲ್ಲ ಸೇರಿ ಅದರ ಅಪವಾದವನ್ನು ನನ್ನ ತಲೆಗೆ ಕಟ್ಟಿದರು. ನಾನು ಅಕ್ಕು, ಆ ಬಸ್ಸಿನ ಡ್ರೈವರನ ಹೆಂಡತಿ. ಗಂಡನ ಹೆಸರು ಹೇಳಬಾರದಂತೆ. ನಾನು ಒಮ್ಮೆ ಹೇಳಿಬಿಡುತ್ತೇನೆ, ಗುಣಪಾಲ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನೂ ನಾನೇ ಹೇಳಿದರೆ ಬೇರೆಯವರಿಗೆ ಅಷ್ಟು ಕೆಲಸ ಕಡಿಮೆ. ಇಷ್ಟು ಜೋರು ಬಾಯಿಯವಳು ಆ ಅಪವಾದವನ್ನು ತಿಂಗಳುಗಟ್ಟಲೆ ಹೊತ್ತು ತಿರುಗಿದೆ ಎಂದರೆ ಈಗ ಯಾರೂ ನಂಬುವುದಿಲ್ಲ.

ಬಸ್ಸು ಹರಿನಾಥ ಧಣಿಗಳದ್ದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಲಾರಿಯೊಂದನ್ನು ತಂದು, ಅದರ ಅಡಿಯ ಕಬ್ಬಿಣದ ಚೌಕಟ್ಟನ್ನು ಮಂಗಳೂರಿನಲ್ಲಿ ಕಡಿಸಿ ಉದ್ದ ಮಾಡಿಸಿ, ಮೇಲೆ ಮರದ ಗೂಡು ಕಟ್ಟಿಸಿದ್ದರು. ಬದಿಯಡ್ಕದಿಂದ ಎಡನೀರು, ಚೆರ್ಕಳ ದಾಟಿ ಕಾಸರಗೋಡಿನ ರೈಲು ಸ್ಟೇಷನ್ನಿಗೆ ಅದರ ಓಡಾಟ. ಎರಡು ಸಾಲು ಸೀಟು ಹೆಚ್ಚಾಯಿತೆಂದು ಧಣಿಗಳಿಗೆ ಖುಷಿ. ಆದರೆ ಚೌಕಟ್ಟು ಉದ್ದವಾದರೆ, ಎಂಜಿನ್ನು ತಿರುಗಿದ್ದನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ದಂಡವೂ ಉದ್ದವಾಗಬೇಕಲ್ಲ? ಶಾಫ್ಟು ಎಂದರೆ ಆ ದಂಡವೇ. ಮಂಗಳೂರಿನವರು ಅದರ ನಡುವೆ ಒಂದು ಪೈಪು ಬೆಸೆದು ಕಳಿಸಿದ್ದರು. ವೇಗ ಸ್ವಲ್ಪ ಏರಿದರೆ ಸಾಕು, ಅದು ಮಕ್ಕಳು ಹಾರುವ ಹಗ್ಗದ ಹಾಗೆ ನಡುವಿನಲ್ಲಿ ಬಾಗಿ ತಿರುಗುತ್ತಿತ್ತು. ಬಸ್ಸಿನೊಳಗೆ ಕೂತವರ ಹೊಟ್ಟೆ ಕಲಸುತ್ತಿತ್ತು.

ಅದನ್ನು ಸರಿಮಾಡಿದ್ದು ಇವರೇ. ಉದ್ದದ ಒಂದು ಶಾಫ್ಟಿನ ಬದಲು ಗಿಡ್ಡದ ಎರಡು, ನಡುವೆ ಹಿಡಿದುಕೊಳ್ಳಲು ಒಂದು ಬೇರಿಂಗು. ಬಸ್ಸು ರಾತ್ರಿ ನಿಲ್ಲುವುದು ನಮ್ಮ ಅಂಗಳದಲ್ಲೇ, ಕೆಲಸವೂ ಅಲ್ಲೇ ನಡೆಯಿತು. ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕುಳಿತಿದ್ದೆ.

"ಅಕ್ಕು, ಇಲ್ಲಿ ನೋಡು," ಎಂದು ಕರೆದರು. "ಈ ಶಾಫ್ಟಿನ ಎರಡು ತುದಿಯಲ್ಲೂ ಕವಲೊಡೆದ ಕವೆ ಉಂಟಲ್ಲ? ಎರಡೂ ಒಂದೇ ನೇರಕ್ಕೆ ನಿಲ್ಲಬೇಕು. ಒಂದು ನಿಂತು ಇನ್ನೊಂದು ಮಲಗಿತಾ, ಬಸ್ಸು ನಡುಗಿಯೇ ನಡುಗುತ್ತದೆ."

"ಗಂಡ ಹೆಂಡತಿಯ ಹಾಗೆ ಅನ್ನಿ."

"ನಿನ್ನ ಹಾಗಿನ ಹೆಂಡತಿ ಆದರೆ ಬೇರಿಂಗು ಇನ್ನೆರಡು ಬೇಕು ಮಾರಾಯ್ತಿ!"

ನನ್ನ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತೆಗೆದು, ಶಾಫ್ಟಿನ ತುಂಡು ಒಂದರೊಳಗೊಂದು ಸೇರುವಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಮುಂದೆ ಎಂದಾದರೂ ಬಿಚ್ಚಿದರೆ ಆ ಗೆರೆಗೆ ಗೆರೆ ಕೂಡಿಸಿ ಹಾಕಬಹುದು ಎಂದು. ಮರುದಿನ ಬಸ್ಸು ಓಡಿದ ಚಂದ ನೋಡಬೇಕಿತ್ತು. ಧಣಿಗಳು ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು, ನಮ್ಮ ಗುಣಪಾಲನ ಕೈಯಂಥ ಕೈ ಮಂಗಳೂರಿನಲ್ಲೂ ಇಲ್ಲ ಎಂದು. ನನಗೂ ಹೆಮ್ಮೆಯಾಯಿತು, ಇವರ ಎದುರು ತೋರಿಸಿಕೊಳ್ಳಲಿಲ್ಲ ಅಷ್ಟೆ.

ಆಮೇಲೆ ಆಯುಧ ಪೂಜೆ ಬಂತು. ನಮ್ಮಲ್ಲಿ ಆ ದಿನ ಮನೆಯ ಕತ್ತಿ, ಹಾರೆ, ಪಿಕ್ಕಾಸು ಎಲ್ಲ ತೊಳೆದು ದೇವರ ಮುಂದೆ ಇಡಬೇಕು. ಗ್ರೀಸು ಬದಲಿಸಲು ಹೇಗೂ ಬಿಚ್ಚಬೇಕೆಂದು ಇವರು ಶಾಫ್ಟನ್ನೂ ಇಳಿಸಿ ಕೊಟ್ಟರು. ಕೊಳೆ ಹಿಡಿದ ಕಬ್ಬಿಣವನ್ನು ದೇವರಿಗೆ ಇಡುವ ಕ್ರಮ ಇಲ್ಲ. ನಾನು ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ, ಮುಖ ಕಾಣುವ ಹಾಗೆ ತೊಳೆದೆ. ಗಂಧ, ಕುಂಕುಮ ಹಚ್ಚಿ ಬಾಳೆಲೆಯ ಮೇಲೆ ಮಲಗಿಸಿದೆ. ಮರುದಿನ ಸಂಜೆ ಇವರು ಅವಸರದಲ್ಲಿ ಅದನ್ನು ಮತ್ತೆ ಕೂಡಿಸಿದರು. ಅದರಾಚೆಯ ಬೆಳಗ್ಗೆಯಿಂದ ಬಸ್ಸಿಗೆ ನಡುಕ.

ಮೊದಲು ಹೇಳಿದ್ದು ಕಂಡಕ್ಟರ ಕುಂಞ. "ಅಕ್ಕ, ಆ ಸುಣ್ಣದ ಗುರುತು ಎಲ್ಲಿ ಹೋಯ್ತು?" ಎಂದು ಕೇಳಿದ. ಅಷ್ಟೇ ಸಾಕಾಯಿತು. ಧಣಿಗಳು ಅಂಗಳಕ್ಕೇ ಬಂದರು.

"ದೇವರಿಗೆ ಇಟ್ಟದ್ದು ಸರಿ. ಆ ಗುರುತನ್ನು ಎಂತಕ್ಕೆ ತೊಳೆದದ್ದು ನೀನು? ಪಾತ್ರೆಯಾ ಅದು?"

ಇವರು ಪಕ್ಕದಲ್ಲೇ ನಿಂತಿದ್ದರು. ಒಂದು ಮಾತು ಆಡಲಿಲ್ಲ. ನಾನೂ ಏನು ಹೇಳಲಿ? ಗುರುತು ತೊಳೆದುಹೋದದ್ದು ಸುಳ್ಳಲ್ಲ. ಊರಿನಲ್ಲಿ ಅದಕ್ಕೆ ಚಳಿಜ್ವರದ ಬಸ್ಸು ಎಂದು ಹೆಸರು ಬಿತ್ತು. ಬಾವಿಕಟ್ಟೆಗೆ ಹೋದರೆ ಪಕ್ಕದ ಮನೆಯ ಮೋಹಿನಿ, "ಅಕ್ಕು, ನನ್ನ ಕೊಡಪಾನ ನೀನು ತೊಳೆಯಬೇಡ ಆಯ್ತಾ, ಆಮೇಲೆ ಅದೂ ನಡುಗಿದರೆ ಕಷ್ಟ," ಎಂದು ನಗುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಊರು ಇದು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಇವರು ವಾರಕ್ಕೊಮ್ಮೆ ಬಸ್ಸಿನ ಅಡಿಗೆ ನುಗ್ಗುತ್ತಿದ್ದರು, ಗ್ರೀಸು ತುಂಬಿಸಿ ಹೊರಗೆ ಬರುತ್ತಿದ್ದರು. ಸರಿಯಾಯಿತಾ ಎಂದು ಕೇಳಿದರೆ, "ನೋಡುವ," ಎನ್ನುತ್ತಿದ್ದರು. ಇಂಥ ಕೈಯ ಮನುಷ್ಯನಿಗೆ ಒಂದು ನಡುಕ ಹಿಡಿಯಲಾಗುವುದಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

ಮನೆಯಲ್ಲೂ ಕೆಲವು ಬದಲಾವಣೆ ಕಂಡಿತು. ಗಂಜಿ ಉಣ್ಣುವಾಗ ನಾವು ಹಲಸಿನ ಎಲೆ ಮಡಚಿ ಕಡ್ಡಿ ಚುಚ್ಚಿ ಚಮಚ ಮಾಡಿಕೊಳ್ಳುತ್ತೇವೆ. ಇವರು ಎಲೆ ಬಿಟ್ಟು ಬಟ್ಟಲನ್ನೇ ಎರಡು ಕೈಯಲ್ಲಿ ಎತ್ತಿ ಕುಡಿಯತೊಡಗಿದರು. ಗಡ್ಡ ಮನೆಯಲ್ಲಿ ತೆಗೆಯುವುದು ನಿಂತುಹೋಯಿತು. ಬೀಡಿಗೆ ಬೆಂಕಿಯನ್ನೂ ನಾನೇ ಹಚ್ಚಿಕೊಡಬೇಕು. ದೊಡ್ಡ ಜನ ಆಗಿದ್ದಾರೆ ಎಂದು ನಾನು ಹಂಗಿಸಿದೆ. ಇವರು ನಕ್ಕುಬಿಟ್ಟರು.

ಒಂದು ಸಂಜೆ ಇವರು ಸ್ನಾನಕ್ಕೆ ಹೋಗಿದ್ದಾಗ ಕುಂಞ ಗುಟ್ಟಿನಲ್ಲಿ ಬಂದು ನಿಂತ. "ಅಕ್ಕ, ಶಾಫ್ಟಿನ ನಡುವಿನ ಬೇರಿಂಗಿನ ಬೋಲ್ಟು ನಡುಕಕ್ಕೆ ಸಡಿಲಾಗಿ ಬಿದ್ದುಹೋಗುತ್ತಾ ಉಂಟು. ಗುಣಪಾಲಣ್ಣ ತಂತಿ ಕಟ್ಟಿ ಓಡಿಸುತ್ತಿದ್ದಾರೆ. ನನಗೆ ಚೆರ್ಕಳದ ಇಳಿಜಾರಿನಲ್ಲಿ ಜೀವ ಬಾಯಿಗೆ ಬರುತ್ತದೆ. ನಾನು ಹೇಳಿದರೆ ಕೇಳುವುದಿಲ್ಲ, ನೀವಾದರೂ ಹೇಳಿ."

ಓಡುವಾಗ ಶಾಫ್ಟು ಕಳಚಿ ಮುಂದಿನ ತುದಿ ನೆಲಕ್ಕೆ ತಾಗಿದರೆ ಅದು ರಸ್ತೆಗೆ ನಾಟಿ ಬಸ್ಸನ್ನೇ ಎತ್ತಿ ಹಾಕುತ್ತದೆ ಎಂದು ಇವರೇ ನನಗೆ ಒಮ್ಮೆ ಹೇಳಿದ್ದರು. ಬಸ್ಸಿನಲ್ಲಿ ಎಷ್ಟು ಜನ! ಮಕ್ಕಳು, ಬಾಣಂತಿಯರು, ಮಧೂರು ದೇವಸ್ಥಾನಕ್ಕೆ ಹಣ್ಣುಕಾಯಿ ಹಿಡಿದು ಹೋಗುವ ಮುದುಕಿಯರು. ಅಷ್ಟೂ ಜನ ನಾನು ತೊಳೆದ ಒಂದು ಗೆರೆಗಾಗಿ ಸಾಯಬೇಕಾ?

ಮರುದಿನ ಭಾನುವಾರ, ಬಸ್ಸಿಗೆ ರಜೆ. ಇವರು ಗಡ್ಡ ತೆಗೆಸಲು ಪೇಟೆಗೆ ಹೋದದ್ದೇ ತಡ, ನಾನು ಸೀರೆ ಎತ್ತಿ ಕಟ್ಟಿ ಬಸ್ಸಿನ ಅಡಿಗೆ ನುಗ್ಗಿದೆ. ನೋಡಿದವರು ನಗಲಿ. ಅಲ್ಲಿ ಕೆಂಪು ಧೂಳು, ಗ್ರೀಸು, ನನ್ನದೇ ಆಯುಧ ಪೂಜೆಯ ಕುಂಕುಮದ ಒಂದು ಕಲೆ. ಹಿಂದಿನ ಶಾಫ್ಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಹಾಯಿಸಿದೆ. ಒಂದು ಕವೆ ನಿಂತಿತ್ತು. ಇನ್ನೊಂದು ಅಡ್ಡ ಮಲಗಿತ್ತು.

ಅದಕ್ಕೆ ಗುರುತು ಬೇಕಿರಲಿಲ್ಲ, ಗೆರೆ ಬೇಕಿರಲಿಲ್ಲ. ಬೀಡಿ ಕಟ್ಟುವ ನನಗೆ ಕಂಡದ್ದು, ವಾರ ವಾರ ಅದರ ಕೆಳಗೆ ಮಲಗಿ ಗ್ರೀಸು ತುಂಬಿಸುವ ಇವರಿಗೆ ಕಾಣಲಿಲ್ಲವೇ? ಹಾಗೇ ಮಲಗಿಕೊಂಡು ಯೋಚಿಸಿದೆ. ಯೋಚಿಸಿದಷ್ಟೂ ಸಿಟ್ಟು ಏರಿತು. ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ದರು, ಊರಿನವರ ಬಾಯಿಗೆ ನನ್ನನ್ನು ಕೊಟ್ಟು ಸುಮ್ಮನಿದ್ದರು.

ಇವರು ಬಂದಾಗ ನಾನು ಅಂಗಳದಲ್ಲಿ ಮೈತುಂಬ ಧೂಳು ಮೆತ್ತಿಕೊಂಡು ನಿಂತಿದ್ದೆ. ನೋಡಿದ ಕೂಡಲೇ ಇವರು ಬಸ್ಸಿನ ಅಡಿಗೆ ಕಣ್ಣು ಹಾಯಿಸಿದರು.

"ಒಂದು ನಿಂತಿದೆ, ಒಂದು ಮಲಗಿದೆ," ಎಂದೆ. "ನೀವೇ ಕಲಿಸಿದ ಪಾಠ. ಎಂತಕ್ಕೆ ಹೀಗೆ ಮಾಡಿದಿರಿ? ನಾನು ನಿಮಗೆ ಎಂತ ಅನ್ಯಾಯ ಮಾಡಿದ್ದೆ? ಬಾವಿಕಟ್ಟೆಯಲ್ಲಿ ನನಗೆ ತಲೆ ಎತ್ತಲಿಕ್ಕೆ ಇಲ್ಲ!"

ಇವರು ಜಗಲಿಯ ಅಂಚಿನಲ್ಲಿ ಕುಳಿತರು. ಆಮೇಲೆ ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ನನ್ನ ಮುಂದೆ ಹಿಡಿದರು. ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ಬೀಡಿ ಸುರುಟುತ್ತಿದ್ದ ಹಾಗೆ ಅಲುಗುತ್ತಿದ್ದವು.

"ಮಳೆಗಾಲದಿಂದ ಉಂಟು," ಎಂದರು. "ಮೊದಲ ಸಲ ಶಾಫ್ಟು ತಪ್ಪಿಯೇ ಹಾಕಿದೆ ಅಕ್ಕು, ಸತ್ಯವಾಗಿಯೂ. ಗೆರೆ ಇರಲಿಲ್ಲ, ಕತ್ತಲಾಗಿತ್ತು. ನಾಲ್ಕು ದಿನ ಬಿಟ್ಟು ಕಂಡಿತು. ಸರಿ ಮಾಡಬೇಕೆಂದೇ ಇದ್ದೆ. ಅಷ್ಟರಲ್ಲಿ ಕುಂಞ ಹೇಳಿದ, ಗುಣಪಾಲಣ್ಣ, ಈ ಬಸ್ಸು ಹತ್ತಿದರೆ ಎಲ್ಲರ ಕೈಯೂ ನಡುಗುತ್ತದೆ ಅಂತ. ಆಗ ಬಿಟ್ಟೆ."

ನನ್ನ ಮಾವ, ಇವರ ತಂದೆ ಚೆನ್ನಯ್ಯ, ತಾಳೆಮರ ಹತ್ತಿ ಕಳ್ಳು ಇಳಿಸುವವರು. ಅವರಿಗೂ ಕೊನೆಗೆ ಕೈನಡುಕ ಬಂದಿತ್ತು. ಯಾರಿಗೂ ಹೇಳದೆ ಮರ ಹತ್ತುತ್ತಲೇ ಇದ್ದರು. ನಾನು ಮದುವೆಯಾಗಿ ಬಂದ ವರ್ಷವೇ ಮೇಲಿಂದ ಬಿದ್ದು ಹೋದರು.

"ಬಸ್ಸು ಬಿಟ್ಟರೆ ನಾನು ಎಂತ?" ಎಂದು ಕೇಳಿದರು ಇವರು. "ಧಣಿ, ಕುಂಞ ಬಿಟ್ಟರೆ ಗುಣಪಾಲ ಅಂತ ಯಾರು ಕರೆಯುತ್ತಾರೆ ನನ್ನನ್ನು? ಡ್ರೈವರ ಅಂತಲೇ ಅಲ್ವಾ ಕರೆಯುವುದು?"

ಅಯ್ಯೋ ದೇವರೇ, ಬೈಯಬೇಕೆಂದು ಸಾಲು ಸಾಲು ಮಾತು ಕೂಡಿಸಿಟ್ಟುಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಪಾಪ ಎನಿಸಿತು, ಹೊಟ್ಟೆ ಉರಿಯಿತು, ಎರಡೂ ಒಟ್ಟಿಗೇ. ಆದರೂ ಹೇಳಬೇಕಾದ್ದನ್ನು ಹೇಳಿದೆ.

"ಮಾವ ಬೀಳುವಾಗ ಒಬ್ಬರೇ ಬಿದ್ದರು. ನಿಮ್ಮ ಹಿಂದೆ ಒಂದು ಬಸ್ಸು ಜನ ಉಂಟು. ಇವತ್ತು ಶಾಫ್ಟು ಸರಿ ಮಾಡಿ. ನಾಳೆ ಕೈಯ ವಿಷಯ ನೀವೇ ಧಣಿಗಳಿಗೆ ಹೇಳಬೇಕು. ಇಲ್ಲದಿದ್ದರೆ ನಾನು ಹೇಳುತ್ತೇನೆ. ನನ್ನ ಬಾಯಿ ನಿಮಗೆ ಗೊತ್ತುಂಟಲ್ಲ."

"ಶಾಫ್ಟು ಸರಿ ಮಾಡುತ್ತೇನೆ," ಎಂದರು. ಇನ್ನೊಂದಕ್ಕೆ ಉತ್ತರ ಕೊಡಲಿಲ್ಲ.

ಇಬ್ಬರೂ ಬಸ್ಸಿನ ಅಡಿಯಲ್ಲಿ ಮಲಗಿದೆವು. ಹಿಂದಿನ ತುಂಡನ್ನು ಎಳೆದು, ಕಾಲು ಸುತ್ತು ತಿರುಗಿಸಿ, ಮತ್ತೆ ಒಳಗೆ ತಳ್ಳುವುದಷ್ಟೇ ಕೆಲಸ. ಅದನ್ನು ಇವರು ಚಂದವಾಗಿಯೇ ಮಾಡಿದರು, ಬಲ ಬೇಕಾದಲ್ಲಿ ಆ ಕೈ ಸರಿಯಾಗಿಯೇ ಇತ್ತು. ನಟ್ಟು ಕೂಡಿಸುವಾಗ ಸೋತರು. ಬೋಲ್ಟಿನ ತುದಿಗೆ ನಟ್ಟು ತಾಗಿಸುತ್ತಾರೆ, ಜಾರುತ್ತದೆ. ಮತ್ತೆ ತಾಗಿಸುತ್ತಾರೆ, ಕೈತಪ್ಪಿ ನನ್ನ ಎದೆಯ ಮೇಲೆ ಬೀಳುತ್ತದೆ. ಕೊನೆಗೆ ನಾನೇ ತೆಗೆದುಕೊಂಡೆ. ಜೀವಮಾನವಿಡೀ ಬೀಡಿ ಸುರುಟಿದ ಬೆರಳು ನನ್ನದು, ಬೇಗ ಹತ್ತಿತು. ಇವರು ಸ್ಪ್ಯಾನರಿನಿಂದ ಬಿಗಿದರು. ಬೇರಿಂಗಿಗೆ ಕಟ್ಟಿದ್ದ ತಂತಿ ಬಿಚ್ಚಿ, ಹೊಸ ಬೋಲ್ಟನ್ನೂ ಹಾಗೆಯೇ ಹಾಕಿದೆವು.

ಸೋಮವಾರ ಬೆಳಗ್ಗೆ ಬೀಡಿಯ ಕಟ್ಟು ಹಿಡಿದು ನಾನೂ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಧಣಿಗಳಿದ್ದರು, ಕಾಸರಗೋಡಿನ ಕೋರ್ಟಿಗೆ ಹೊರಟವರು. ಇವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಎಡನೀರು ದಾಟುವ ಹೊತ್ತಿಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಚಳಿಜ್ವರ ಬಿಟ್ಟಿತಲ್ಲ ಮಾರಾಯ್ರೇ!" ಎಂದು ಯಾರೋ ಕೂಗಿದರು. ಕುಂಞ ಚೆರ್ಕಳದ ಇಳಿಜಾರಿನಲ್ಲಿ ಯಾವುದನ್ನೂ ಹಿಡಿದುಕೊಳ್ಳದೆ ಟಿಕೇಟು ಕೊಟ್ಟ. ನಾನು ಮಾತ್ರ ಸೀಟಿನ ಕಂಬಿಯನ್ನು ಬಿಡಲಿಲ್ಲ. ಬಸ್ಸು ಅಷ್ಟು ಸುಮ್ಮನೆ ಓಡುವಾಗ ಆ ಸ್ಟೇರಿಂಗಿನ ಮೇಲಿನ ಕೈ ಎಲ್ಲರಿಗೂ ಕಾಣುತ್ತದೆಯೋ ಏನೋ ಎಂದು ನನಗೆ ಹೆದರಿಕೆ.

ಸ್ಟೇಷನ್ನಿನ ಎದುರು ಬಸ್ಸು ನಿಂತಿತು. ಧಣಿಗಳು ಇಳಿದು ಇವರ ಬಾಗಿಲ ಹತ್ತಿರ ಬಂದರು.

"ಗೆದ್ದೆ ಮಾರಾಯ! ನನಗೆ ಗೊತ್ತಿತ್ತು, ನಿನ್ನ ಕೈಗೆ ಆಗದ್ದು ಇಲ್ಲ ಅಂತ. ಒಂದು ಮಾತು ನೆನಪಿಟ್ಟುಕೋ, ಬರುವ ಆಯುಧ ಪೂಜೆಗೆ ಈ ಹೆಂಗಸನ್ನು ಬಸ್ಸಿನ ಹತ್ತಿರ ಬಿಡಬೇಡ."

ಇಳಿಯುತ್ತಿದ್ದವರೆಲ್ಲ ನನ್ನನ್ನು ನೋಡಿ ನಕ್ಕರು. ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ಅದನ್ನು ಆಡುವ ಮೊದಲೇ ಇವರು ಎಂಜಿನ್ನು ನಿಲ್ಲಿಸಿ ಕೆಳಗೆ ಇಳಿದರು.

"ಧಣಿ, ತಪ್ಪು ಅವಳದ್ದಲ್ಲ," ಎಂದರು. "ಬಸ್ಸು ಯಾಕೆ ನಡುಗುತ್ತದೆ ಅಂತ ನನಗೆ ಆಗಲೇ ಗೊತ್ತಿತ್ತು. ನಾನೇ ಹಾಗೆ ಬಿಟ್ಟದ್ದು. ಇದು ಯಾರಿಗೂ ಕಾಣಬಾರದು ಅಂತ."

ಹಾಗೆ ಹೇಳಿ ಬಲಗೈಯನ್ನು ಮುಂದೆ ಚಾಚಿದರು.

ಧಣಿಗಳ ನಗು ಅರ್ಧಕ್ಕೇ ನಿಂತಿತು. ಕುಂಞ ಟಿಕೇಟಿನ ಚೀಲವನ್ನು ಅವುಚಿಕೊಂಡು ನಿಂತ. ಇಳಿದವರು ಇಳಿದಲ್ಲೇ ನಿಂತು ಆ ಕೈಯನ್ನು ನೋಡಿದರು. ಎಂಜಿನ್ನು ನಿಂತಿತ್ತು, ಗಾಳಿಯೂ ಇರಲಿಲ್ಲ, ಆ ಬೆರಳುಗಳು ಮಾತ್ರ ಅಲುಗುತ್ತಿದ್ದವು. ಇಷ್ಟು ದಿನ ಇದನ್ನೇ ಬಯಸಿದ್ದೆ ನಾನು, ಎಲ್ಲರೆದುರು ನನ್ನ ಹೆಸರು ಶುದ್ಧವಾಗಬೇಕು ಎಂದು. ಈಗ ಆದಾಗ ನನಗೆ ಅದು ಬೇಡವೇ ಬೇಡ ಎನಿಸಿತು. ನಾನು ತೊಳೆದದ್ದೇ ತಪ್ಪು, ನನ್ನನ್ನೇ ಬೈಯಿರಿ, ಆ ಕೈಯನ್ನು ನೋಡಬೇಡಿ ಎಂದು ಕೂಗಬೇಕೆನಿಸಿತು.

ನಮ್ಮಲ್ಲಿ ಹೆಂಗಸರು ಪೇಟೆಯಲ್ಲಿ ಗಂಡನ ಕೈ ಹಿಡಿಯುವುದಿಲ್ಲ. ನಾನು ಬೀಡಿಯ ಕಟ್ಟನ್ನು ನೆಲದ ಮೇಲೆ ಇಟ್ಟು ಹೋಗಿ ಆ ಕೈಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ. ಅದು ಒಳಗೆ ನಡುಗುತ್ತಲೇ ಇತ್ತು.