ದಮ್ಮು ಹೋದದ್ದು ನನಗೆ ಕೇಳಿಸಿತ್ತು

ನಾನು ಕಬಡ್ಡಿ ಅಂಕಣದ ಒಂದು ಮ್ಯಾಟ್ ತುಂಡು. ಹುಟ್ಟುವಾಗಲೇ ನನ್ನ ನಾಲ್ಕೂ ಬದಿಗೆ ಹಲ್ಲು ಮೂಡಿದ್ದವು. ಕಥೆಗಳಲ್ಲಿ ಹಾಗೆ ಹಲ್ಲು ಇಟ್ಟುಕೊಂಡು ಹುಟ್ಟಿದ ಮಕ್ಕಳು ಒಂದೋ ಊರನ್ನು ನುಂಗುತ್ತಾರೆ, ಇಲ್ಲವೇ ರಾಜರಾಗುತ್ತಾರೆ. ನನಗೆ ಎರಡೂ ಆಗಲಿಲ್ಲ. ನನ್ನ ಹಲ್ಲು ಪಕ್ಕದ ತುಂಡಿನ ಹಲ್ಲಿನೊಳಗೆ ಹೋಗಿ ಕೂತಿತು, ಅಷ್ಟೇ. ಕಾರ್ಖಾನೆಯ ಅಚ್ಚಿನಿಂದ ಹೊರಬಿದ್ದ ದಿನ ಮೈಯೆಲ್ಲ ಬಿಸಿಯಾಗಿತ್ತಂತೆ. ನನಗೇನೂ ಅನ್ನಿಸಲಿಲ್ಲ. ಬೀಳುವವರಿಗೆ ನೋವಾಗಬಾರದೆಂದು ನಮ್ಮನ್ನು ಮಾಡುತ್ತಾರೆ. ಹಾಗೆ ಮಾಡುವಾಗ ನಮ್ಮ ಪಾಲಿನ ನೋವನ್ನೂ ತೆಗೆದುಬಿಡುತ್ತಾರೇನೋ.

ಬೆಂಗಳೂರಿನ ಒಂದು ಒಳಾಂಗಣ ಕ್ರೀಡಾಂಗಣಕ್ಕೆ ನಮ್ಮನ್ನು ತಂದು ಹಾಸಿದರು. ಒಂದು ವೃತ್ತಿಪರ ತಂಡ ನಮ್ಮ ಯಜಮಾನ. ನನ್ನ ಎದೆಯ ಮೇಲೆ ಬಿಳಿಯ ನಡುಗೆರೆ ಬಂತು. ಎರಡು ತಂಡಗಳ ನಡುವಿನ ಗೆರೆ ಅದು. ಕೆಳಗೆ ಮಲಗಿದವರಿಗೆ ಮನುಷ್ಯರೆಂದರೆ ಮೊದಲು ಪಾದ, ಆಮೇಲೆ ಮಂಡಿ, ತುಂಬ ದೂರದಲ್ಲಿ ಎಲ್ಲೋ ಮುಖ. ಬೆಟ್ಟಸ್ವಾಮಿಯನ್ನೂ ನಾನು ಮೊದಲು ಕಂಡದ್ದು ಪಾದವಾಗಿಯೇ.

ಅವನು ಗುಂಡ್ಲುಪೇಟೆ ಕಡೆಯವನು, ತಂಡದ ಮುಖ್ಯ ದಾಳಿಗಾರ. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಎದುರಾಳಿಗಳನ್ನು ಮುಟ್ಟಿ ನಡುಗೆರೆಗೆ ಮರಳಬೇಕು. ನಡುವೆ ಉಸಿರು ಎಳೆದುಕೊಂಡರೆ ಔಟು. ಆ ಒಂದು ಉಸಿರಿಗೆ ದಮ್ಮು ಎನ್ನುತ್ತಾರೆ. ಬೆಟ್ಟಸ್ವಾಮಿಯ ದಮ್ಮು ಎಷ್ಟು ಉದ್ದವೆಂದರೆ, ಜನ ಅವನನ್ನು ‘ದಮ್ಮಿನ ಬೆಟ್ಟಸ್ವಾಮಿ’ ಎಂದೇ ಕರೆಯುತ್ತಿದ್ದರು.

ಪ್ರತಿ ದಾಳಿಗೂ ಮುಂಚೆ ಅವನು ಬಗ್ಗಿ ನನ್ನನ್ನು ಮುಟ್ಟಿ, ಆ ಬೆರಳನ್ನು ನಾಲಿಗೆಗೆ ತಾಗಿಸುತ್ತಿದ್ದ. ಊರಿನ ಕಣದಲ್ಲಿ ಆಡುವಾಗ ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದನಂತೆ. ನನ್ನಲ್ಲಿ ಮಣ್ಣೆಲ್ಲಿ? ಬೆವರು ಮತ್ತು ಫಿನಾಯಿಲು. ಆದರೂ ‘ಸಿದ್ದಪ್ಪಾಜಿ’ ಎಂದು ತನ್ನ ಕಡೆಯ ದೇವರ ಹೆಸರನ್ನು ಮೆಲ್ಲಗೆ ಹೇಳಿ ಅದನ್ನೇ ನುಂಗುತ್ತಿದ್ದ. ಟೀವಿಯವರು ಕೇಳಿದರೆ, “ಈ ದಮ್ಮು ನಂದಲ್ಲ ಕಣಣ್ಣ, ಅಪ್ಪಾಜಿ ಕೊಟ್ಟಿರೋದು” ಎನ್ನುತ್ತಿದ್ದ.

ಮೂರನೆಯ ವರ್ಷ ಅವನಿಗೆ ನ್ಯುಮೋನಿಯ ಬಂತು. ಎರಡು ತಿಂಗಳು ಆ ಪಾದಗಳು ಕಾಣಲಿಲ್ಲ. ಮರಳಿ ಬಂದಾಗ ಕಾಲು ಅವೇ, ಉಸಿರು ಮಾತ್ರ ಅರ್ಧ. ಅಭ್ಯಾಸದಲ್ಲಿ ಎರಡು ಹೆಜ್ಜೆಗೇ ಕೆಮ್ಮು ಬರುತ್ತಿತ್ತು.

“ಏನಣ್ಣ, ದಮ್ಮನ್ನ ಊರಲ್ಲೇ ಮರ್ತು ಬಂದ್ಯಾ? ಬಸ್ಸಲ್ಲಿ ಹಾಕಿ ಕಳಿಸೋಕೆ ಹೇಳು,” ಎಂದ ಮೂಲೆಯಲ್ಲಿ ಹಿಡಿತಕ್ಕೆ ನಿಲ್ಲುವ ಅಲ್ತಾಫ್.

“ನಿನ್ ಬಾಯಿ ಇರೋವಾಗ ನಂಗ್ಯಾಕ್ಲಾ ದಮ್ಮು, ನೀನೇ ಕೂಗ್ಕೋ.”

ಎಲ್ಲರೂ ನಕ್ಕರು. ಅಲ್ತಾಫ್ ಹೋದ ಮೇಲೆ ಕೋಚ್ ಜಯಶೀಲರ ಬೂಟುಗಳು ಬಂದು ನನ್ನ ಮೇಲೆ ನಿಂತವು.

“ಡಾಕ್ಟ್ರು ಹೇಳಿದ್ದು ನಮ್ಮಿಬ್ರಲ್ಲೇ ಇರ್ಲಿ. ಗೊತ್ತಾದ್ರೆ ಮುಂದಿನ ವರ್ಷ ನಿನ್ನ ಯಾರೂ ತಗೊಳಲ್ಲ. ಆ ಗಲಾಟೇಲಿ ಉಸಿರು ಎಳ್ಕೊಂಡ್ರೆ ಯಾವ ಅಂಪೈರಿಗೆ ಕೇಳ್ಸತ್ತೆ?”

ಬೆಟ್ಟಸ್ವಾಮಿ ಮತ್ತೆ ದಾಳಿಯ ಅಭ್ಯಾಸಕ್ಕೆ ನಿಂತ. ಕಬಡ್ಡಿ ಬಿಟ್ಟು ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ.

ಆಟದ ದಿನಗಳು ಶುರುವಾದವು. ಅವನು ಉಸಿರು ಕದಿಯುವುದನ್ನು ಕಲಿತ. ಜನ ಕೂಗುವ ಹೊತ್ತು ನೋಡಿ, ಮುಖ ಕೆಳಗೆ ಮಾಡಿ, ಒಂದು ಸಣ್ಣ ಎಳೆತ. ಅಂಪೈರಿಗೆ ಕೇಳಿಸಲಿಲ್ಲ. ಕ್ಯಾಮೆರಾಕ್ಕೆ ಕಾಣಿಸಲಿಲ್ಲ. ನನಗೆ ಕೇಳಿಸಿತು. ಮೊದಲ ಸಲ ಅವನ ಕಾಲು ನಡುಗಿತ್ತು. ಐದನೆಯ ಸಲಕ್ಕೆ ನಡುಗಲಿಲ್ಲ. ಅವನೂ ನನ್ನ ಹಾಗೇ ಆಗುತ್ತಿದ್ದಾನೆ ಅನ್ನಿಸಿತು.

ಒಂದು ಮಧ್ಯಾಹ್ನ ಜಾಹೀರಾತಿನವರು ಬಂದರು. ಅವನು ನನ್ನನ್ನು ಮುಟ್ಟಿ ನಾಲಿಗೆಗೆ ತಾಗಿಸುವುದೇ ಅವರಿಗೆ ಬೇಕಾಗಿತ್ತು.

“ಸರ್, ಇನ್ನೊಂದ್ ಸಲ. ಸ್ವಲ್ಪ ನಿಧಾನವಾಗಿ, ಭಕ್ತಿ ಕಾಣೋ ಹಾಗೆ.”

ಹನ್ನೊಂದು ಸಲ ಬಗ್ಗಿದ. ಅವರು ದೀಪಗಳನ್ನು ಮಡಚಿಕೊಂಡು ಹೋದ ಮೇಲೆ ಒಬ್ಬನೇ ನನ್ನ ಮೇಲೆ ಕುಕ್ಕರುಗಾಲಲ್ಲಿ ಕೂತ.

“ಅಪ್ಪಾಜಿ,” ಎಂದ, “ಕೊಟ್ಟಿದ್ನ ನೀನು ತಕಂಡು ಆಯ್ತು. ನಾನು ಇನ್ನೂ ನಿನ್ ಹೆಸ್ರು ಹೇಳ್ಕಂಡು ತಿಂತಾವ್ನಿ.”

ಧ್ವನಿಯಲ್ಲಿ ಅಳು ಇರಲಿಲ್ಲ. ಯಾವುದೋ ವಿಳಾಸ ಹೇಳುವವನ ಹಾಗೆ ಹೇಳಿದ.

ಸೆಮಿಫೈನಲ್ ಪಂದ್ಯ. ಒಂದು ಅಂಕ ಹಿಂದೆ. ಕೊನೆಯ ದಾಳಿಗೆ ಬೆಟ್ಟಸ್ವಾಮಿ ಹೋದ. ಇಬ್ಬರನ್ನು ಮುಟ್ಟಿದ. ತಿರುಗುವಷ್ಟರಲ್ಲಿ ಆ ಇಬ್ಬರೂ ಅವನ ಕಾಲುಗಳ ಮೇಲೆ ಬಿದ್ದರು. ಅವನು ಬೋರಲಾಗಿ ಬಂದು ನನ್ನ ಮೇಲೆ ಬಿದ್ದ. ಮುಖ ನನ್ನೊಳಗೆ, ಕೈ ಅವನದೇ ಎದೆಯ ಕೆಳಗೆ, ಗೆರೆ ಇನ್ನೂ ಒಂದು ಗೇಣು ದೂರ. ‘ಕಬಡ್ಡಿ ಕಬಡ್’ ಎಂದು ನಿಂತಿತು. ಮಾತು ಮುಗಿಯಲಿಲ್ಲ. ಬಾಯಿ ತೆರೆದು ಗಾಳಿ ಎಳೆದ. ಆ ಗಾಳಿಯ ಬಲದಲ್ಲೇ ಕೈ ಬಿಡಿಸಿಕೊಂಡು ಗೆರೆ ಮುಟ್ಟಿದ.

ಶಿಳ್ಳೆ ಮೊಳಗಿತು. ಎರಡು ಅಂಕ. ಗೆದ್ದೆವು ಎಂದು ಇಡೀ ಕ್ರೀಡಾಂಗಣ ಎದ್ದು ನಿಂತಿತು. ಅಲ್ತಾಫ್ ಓಡಿ ಬಂದು ಅವನ ಮೇಲೆ ಬಿದ್ದ. ಬೆಟ್ಟಸ್ವಾಮಿ ಅವನನ್ನು ಸರಿಸಿ ಎದ್ದ, ಬಲಗೈ ಎತ್ತಿದ.

“ದಮ್ ಹೋಯ್ತು ಸಾರ್,” ಎಂದ ಅಂಪೈರಿಗೆ. ಕೇಳಿಸಲಿಲ್ಲ. ಹತ್ತಿರ ಹೋಗಿ ಮತ್ತೆ ಹೇಳಿದ. “ಮಧ್ಯದಲ್ಲೇ ದಮ್ ಹೋಯ್ತು. ಕೊಡ್ಬೇಡಿ.”

ಅಂಪೈರುಗಳು ಕೂಡಿ ಮಾತಾಡಿದರು. ಅಂಕ ಹಿಂದೆ ಹೋಯಿತು. ನಾವು ಸೋತೆವು.

“ಏನ್ ಮಾಡ್ದೆ ಗೊತ್ತಾ?” ಎಂದರು ಜಯಶೀಲ, ಮೆಲ್ಲಗೆ.

“ಗೊತ್ತು ಸಾರ್.”

ಅಲ್ಲಿ ನಿಂತು ಅವನು ಉಸಿರಾಡಿದ. ಮುಖ ಕೆಳಗೆ ಮಾಡದೆ, ಬಾಯಿ ತೆರೆದು, ಕೆಮ್ಮುತ್ತ, ಗೊರಗೊರ ಸದ್ದು ಮಾಡುತ್ತ. ಆ ವರ್ಷ ಅವನು ಯಾರಿಗೂ ಹೆದರದೆ ಎಳೆದುಕೊಂಡ ಮೊದಲ ಉಸಿರು ಅದು.

ಕ್ಯಾಮೆರಾದವನು ಗೆರೆ ದಾಟಿ ಬಂದ. “ಸರ್, ಆ ಕೈ ಎತ್ತಿದ್ದು ಕ್ಲೋಸಪ್ಪಲ್ಲಿ ಸಿಕ್ಕಿಲ್ಲ. ಇನ್ನೊಂದ್ ಸಲ ಎತ್ತೀರಾ?”

“ಅದು ಒಂದೇ ಸಲ ಆಗೋದು ಕಣಪ್ಪ,” ಎಂದು ಬೆಟ್ಟಸ್ವಾಮಿ ಹೊರಟ. ಬಗ್ಗಲಿಲ್ಲ. ನನ್ನನ್ನು ಮುಟ್ಟಲಿಲ್ಲ. ಸುಮ್ಮನೆ ತುಳಿದುಕೊಂಡು ಹೋದ.

ಮರುವರ್ಷ ಅವನನ್ನು ಯಾರೂ ತೆಗೆದುಕೊಳ್ಳಲಿಲ್ಲ. ಹೊಸ ದಾಳಿಗಾರ ಬಂದ. ಅವನೂ ಬಗ್ಗಿ ಮುಟ್ಟುತ್ತಿದ್ದ. ಒಂದೆರಡು ವರ್ಷಕ್ಕೆ ನನ್ನ ಹಲ್ಲುಗಳು ಸವೆದು ಪಕ್ಕದ ತುಂಡಿನಿಂದ ಕಳಚಿಕೊಳ್ಳತೊಡಗಿದವು. ಗುಜರಿಗೆ ಹೋದೆ. ಅಲ್ಲಿಂದ ಇಸ್ತ್ರಿ ಅಂಗಡಿಯ ಚಿಕ್ಕತಾಯಮ್ಮ ಎತ್ತಿಕೊಂಡು ಬಂದಳು. ದಿನವಿಡೀ ನಿಂತು ಅವಳ ಕಾಲು ನೋಯುತ್ತದೆ. ಮೆಟ್ಟಿಲ ಕೆಳಗಿನ ಈ ಮೂಲೆಯಲ್ಲಿ ಅವಳ ಪಾದದ ಕೆಳಗೆ ಇದ್ದೇನೆ. ಇದ್ದೇನೆ ಎಂದರೆ, ಇದ್ದೇನೆ.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಯೋಚಿಸುತ್ತೇನೆ. ಅವನು ದೇವರಿಗೆಂದು ಮುಟ್ಟಿದ ಕೈಯೂ ಜಾಹೀರಾತಿಗೆಂದು ಮುಟ್ಟಿದ ಕೈಯೂ ನನ್ನ ಮೇಲೆ ಬಿದ್ದಾಗ ಒಂದೇ ಭಾರವಾಗಿದ್ದವು. ನನಗೆ ವ್ಯತ್ಯಾಸ ತಿಳಿಯಲಿಲ್ಲ, ಸುಳ್ಳೇಕೆ ಹೇಳಲಿ. ಮುಟ್ಟದೆ ಹೋದ ಆ ಸಂಜೆ ಮಾತ್ರ ನೆನಪಿದೆ. ಅವನ ನಂಬಿಕೆ ಅವತ್ತು ಹೋಯಿತೋ, ಅವತ್ತೇ ಬಂತೋ, ನಾನು ಹೇಳಲಾರೆ. ಹೆಜ್ಜೆ ಮಾತ್ರ ಹಗುರವಾಗಿತ್ತು.