ಗುರಸಿದ್ದವ್ವನ ಡಬ್ಬಿ

ನಾನು ಒಂದು ತಗಡಿನ ಡಬ್ಬಿ. ನಾಲ್ಕು ಮೂಲೆ, ಒಂದು ಮುಚ್ಚಳ, ಅದಕ್ಕೊಂದು ಕೊಂಡಿ, ಇಷ್ಟೇ ನನ್ನ ಸಂಸಾರ. ಮಾತು ಸ್ವಲ್ಪ ಜಾಸ್ತಿ ಆಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಳಗೆ ಏನೂ ಇಲ್ಲದಾಗ ಸಪ್ಪಳ ಮಾಡುವುದು ನಮ್ಮ ಜಾತಿಯ ಗುಣ. ಮನುಷ್ಯರಲ್ಲೂ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ಹುಟ್ಟಿದಾಗ ನನಗೆ ಬಾಯಿಯೇ ಇರಲಿಲ್ಲ. ಶೇಂಗಾ ಎಣ್ಣೆ ತುಂಬಿ, ಸುತ್ತಲೂ ಬೆಸುಗೆ ಹಾಕಿ, ಗದಗಿನ ಕಿರಾಣಿ ಅಂಗಡಿಯೊಂದಕ್ಕೆ ಕಳಿಸಿದ್ದರು. ಎಣ್ಣೆ ಮುಗಿದ ದಿನ ಅಂಗಡಿಯವನು ನನ್ನನ್ನು ಹಿತ್ತಲಿಗೆ ಎಸೆದ. ಇಷ್ಟೇ ನೋಡಿ ಲೋಕ! ತಗಡಿನ ಕೆಲಸದ ಮುದುಕನೊಬ್ಬ ನನ್ನನ್ನು ಹೆಕ್ಕಿಕೊಂಡು ಹೋಗಿ, ತಲೆ ಕತ್ತರಿಸಿ, ಬೂದಿ ಹಾಕಿ ತಿಕ್ಕಿ, ಮುಚ್ಚಳ ಕೂರಿಸಿ, ಹಿಡಿಕೆ ಬೆಸೆದ. ನೋವಾಗಲಿಲ್ಲವೇ ಎಂದು ಕೇಳಬೇಡಿ. ಆಯಿತು. ಆದರೆ ಬಾಯಿ ಬಂತಲ್ಲ.

ಬೆಟಗೇರಿಯ ಸಂತೆಯಲ್ಲಿ ನನ್ನನ್ನು ಕೊಂಡವಳು ಗುರಸಿದ್ದವ್ವ. ಆಗ ಅವಳು ಹೊಸ ಮದುವಣಗಿತ್ತಿ. ಬೆರಳಿನಿಂದ ನನ್ನ ಬೆನ್ನಿಗೆ ಬಡಿದು, ಒಳಗೆ ಮೂಗು ಹಾಕಿ ಮೂಸಿ, "ಎಣ್ಣಿ ನಾತ ಹೋಗಿಲ್ಲ ನೋಡಜ್ಜಾ," ಎಂದು ಮುದುಕನ ಜೊತೆ ಜಗಳಕ್ಕೇ ನಿಂತಳು. ಇವಳ ಕೈಗೆ ಸಿಕ್ಕರೆ ನನ್ನ ಗತಿ ಏನಪ್ಪಾ ಎಂದು ಹೆದರಿದೆ. ಜಗಳ ಗೆದ್ದು ಅವಳು ನನ್ನನ್ನು ಸೊಂಟಕ್ಕೆ ಏರಿಸಿಕೊಂಡಳು. ಕೂಸನ್ನು ಎತ್ತಿಕೊಂಡಂತೆ ಹಿಡಿದಿದ್ದಳು, ಸುಳ್ಳೇಕೆ ಹೇಳಲಿ.

ನನ್ನ ಕೆಲಸ ವರ್ಷಕ್ಕೆ ಒಂದೇ ಸಲ. ದೀಪಾವಳಿ ಸೂಟಿ ಬಿಟ್ಟ ಕೂಡಲೇ ನಮ್ಮ ಓಣಿಯ ಹೆಂಗಸರು ಮೈದಾ, ರವೆ, ಸಕ್ಕರೆ, ತುಪ್ಪ ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಖಾದರಸಾಬನ ಬೇಕರಿಗೆ ಹೋಗುತ್ತಾರೆ. ಹಿಟ್ಟು ಅವರದು, ಕೈ ಅವರದು, ಭಟ್ಟಿ ಮಾತ್ರ ಅವನದು. ಅಲ್ಲೇ ನೆಲದ ಮೇಲೆ ಕುಳಿತು ಹಿಟ್ಟು ನಾದಿ, ನಾನಖಟಾಯಿ ಬಿಸ್ಕತ್ತಿನ ಉಂಡೆ ಕಟ್ಟಿ, ಒಂದೊಂದು ಮನೆಯವರೂ ತಮ್ಮ ಗುರುತು ಒತ್ತುತ್ತಾರೆ. ಒಬ್ಬಳದು ಅಂಗಿಯ ಗುಂಡಿ, ಇನ್ನೊಬ್ಬಳದು ಬೀಗದ ಕೈ, ಗುರಸಿದ್ದವ್ವನದು ಹೆಬ್ಬೆರಳು. ಗುರುತಿಲ್ಲದಿದ್ದರೆ ಒಬ್ಬರ ತಟ್ಟೆ ಇನ್ನೊಬ್ಬರಿಗೆ ಹೋಗಿ ಹಬ್ಬದ ದಿನವೇ ಜುಟ್ಟು ಹಿಡಿದು ಜಗ್ಗಾಡಬೇಕಾಗುತ್ತದೆ. ಬೆಂದ ಮೇಲೆ ಬಿಸಿಬಿಸಿ ನಾನಖಟಾಯಿ ನನ್ನ ಹೊಟ್ಟೆಗೆ ಬೀಳುತ್ತಿತ್ತು. ಗುರಸಿದ್ದವ್ವನ ಮಗ ರಾಚಪ್ಪ ದೊಡ್ಡವನಾದ ಮೇಲೆ ನನ್ನನ್ನು ಹೆಗಲ ಮೇಲೆ ಹೊತ್ತು ತರುವುದು ಅವನ ಕೆಲಸವಾಯಿತು. ಟೆಂಪೋ ಓಡಿಸುತ್ತಿದ್ದ ಹುಡುಗ. ದಾರಿಯಲ್ಲಿ ಮುಚ್ಚಳ ಸರಿಸಿ ಅರ್ಧ ತಟ್ಟೆ ತಿಂದು, ಮನೆಗೆ ಬಂದು "ಭಟ್ಟ್ಯಾಗ ಸುಟ್ಟ ಹೋದ್ವು," ಎಂದು ಅವ್ವನಿಗೆ ಹೇಳುತ್ತಿದ್ದ. ಅವ್ವನೂ ನಂಬಿದಂತೆ ಮಾಡುತ್ತಿದ್ದಳು.

ಆ ರಾಚಪ್ಪನಿಗೆ ಒಂದು ಯುಗಾದಿ ಮುಗಿದ ಮೇಲೆ ಕಾಮಾಲೆ ಬಂತು. ಔಷಧಿ ಮಾಡಿದರು, ದೊಡ್ಡಾಸ್ಪತ್ರೆಗೂ ಒಯ್ದರು. ಅವನು ಉಳಿಯಲಿಲ್ಲ. ಮನೆಯಲ್ಲಿ ಉಳಿದವರು ಮೂವರು: ಗುರಸಿದ್ದವ್ವ, ರಾಚಪ್ಪನ ಹೆಂಡತಿ ದಾಕ್ಷಾಯಣಿ, ಅವರ ಮಗಳು ಶಿವಲೀಲಾ.

ಸತ್ತವರ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬಕ್ಕೆ ಒಲೆಯ ಮೇಲೆ ಬಾಣಲೆ ಇಡುವುದಿಲ್ಲ. ಬೀಗರು, ನೆರೆಯವರು ತಮ್ಮ ಮನೆಯಲ್ಲಿ ಮಾಡಿದ್ದನ್ನು ತಂದು ಕೊಡುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಆ ವರ್ಷ ಏನಾಯಿತು ಗೊತ್ತೇ? ದಾಕ್ಷಾಯಣಿಯ ಅಣ್ಣ ಮೂಟೆ ತುಂಬ ತರುತ್ತಾನೆಂದು ಓಣಿಯವರು ಸುಮ್ಮನಿದ್ದರು. ಅಷ್ಟು ದೊಡ್ಡ ಓಣಿ ಇದೆ, ತಂದೇ ತರುತ್ತಾರೆಂದು ಅಣ್ಣ ಸುಮ್ಮನಿದ್ದ. ಎಲ್ಲರೂ ಒಳ್ಳೆಯವರೇ. ನಾನು ಮಾತ್ರ ಖಾಲಿ.

ಸೂಟಿ ಬಿಟ್ಟಿತು. ಓಣಿಯ ತುಂಬ ಮಕ್ಕಳ ಗದ್ದಲ, ಪಟಾಕಿ, ತುಪ್ಪದ ಘಮ. ನಮ್ಮ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಅತ್ತಿ," ಎಂದು ದಾಕ್ಷಾಯಣಿ ಒಂದು ಮುಂಜಾನೆ ಹೆದರುತ್ತಲೇ ಕೇಳಿದಳು, "ಭಟ್ಟಿ ಬೆಂಕಿ ನಮ್ಮ ಮನೀದಲ್ಲಲ್ರಿ? ಕೂಸಿನ ಸಲುವಾಗಿ ಒಂದೆರಡ ತಟ್ಟಿ ಮಾಡಿಸ್ಕೊಂಡ ಬರ್ಲೇನ್ರಿ?"

"ಬೆಂಕಿ ಯಾರದಾದ್ರೇನ? ಹಿಟ್ಟ ನಮ್ಮ ಮನೀದು." ಗುರಸಿದ್ದವ್ವ ತಲೆಯನ್ನೂ ಎತ್ತಲಿಲ್ಲ. "ಮಂದಿ ನಗಬೇಕೇನು ನಮ್ಮನ್ನ ನೋಡಿ?"

ಅಲ್ಲಿಗೆ ಮಾತು ಮುಗಿಯಿತು. ಅದೇ ದಿನ ದಾಕ್ಷಾಯಣಿಗೆ ಅಣ್ಣ ಫಕ್ಕೀರೇಶನ ಫೋನು ಬಂತು. ಅವನದು ಎಂಥ ಗಂಟಲೆಂದರೆ ಫೋನು ಇಲ್ಲದಿದ್ದರೂ ರಾಣೆಬೆನ್ನೂರಿನಿಂದ ಕೇಳಿಸುತ್ತಿತ್ತೇನೋ. ಕಪಾಟಿನ ಕೆಳಗಿದ್ದ ನನಗೂ ಕೇಳಿತು, ಬಾಗಿಲ ಹಿಂದೆ ಬೇಳೆ ಹಸನು ಮಾಡುತ್ತಿದ್ದ ಗುರಸಿದ್ದವ್ವನಿಗೂ ಕೇಳಿತು.

"ಪಾಡ್ಯಾದ ದಿನ ಬರ್ತೀನಿ ತಂಗಿ. ಈ ಸಲ ಬರೇ ಹಬ್ಬಕ್ಕಲ್ಲ. ಸಾಮಾನೆಲ್ಲಾ ಕಟ್ಟಿ ಇಡು. ಕೂಸಿನ್ನ ಇಲ್ಲೇ ಶಾಲಿಗೆ ಹಾಕೂಣು. ಗಂಡ ಇಲ್ಲದ ಮನಿಯಾಗ ಎಷ್ಟ ದಿನಾ ಇರ್ತಿ?"

"ಅತ್ತಿ ಮುಂದ ಏನ ಹೇಳ್ಲಿ ಅಣ್ಣಾ?"

"ಅದನ್ನ ನಾ ಬಂದ ಹೇಳ್ತೀನಿ."

ಬಾಗಿಲ ಹಿಂದೆ ಮೊರದ ಸಪ್ಪಳ ನಿಂತಿತು.

ಅಂದಿನಿಂದ ನನಗೆ ಅದೇ ಪ್ರಶ್ನೆ. ದಾಕ್ಷಾಯಣಿ ಹೋಗಿಬಿಡುತ್ತಾಳೆಯೇ? ಹೋದರೆ ಮರಳಿ ಬರುತ್ತಾಳೆಯೇ? ಸೊಸೆ ಬಟ್ಟೆ ಮಡಚಿ ಟ್ರಂಕಿಗೆ ಇಡುವಳು, ಅತ್ತೆ ನೋಡಿಯೂ ನೋಡದಂತೆ ಹೋಗುವಳು. ಬಾಯಿ ಬಿಟ್ಟು ಕೇಳಿದರೆ ಇಬ್ಬರಿಗೂ ಏನು ನಷ್ಟವಾಗುತ್ತಿತ್ತು ಹೇಳಿ!

ಮರುದಿನ ಶಿವಲೀಲಾ ನನ್ನನ್ನು ಡೋಲು ಮಾಡಿಕೊಂಡು ಬಡಿಯಲು ಹೊರಗಿನ ಕಟ್ಟೆಗೆ ತಂದಿದ್ದಳು. ಗುರಸಿದ್ದವ್ವ ಪಕ್ಕದ ಮನೆಯ ಗೆಳತಿ ರೇಣವ್ವನ ಜೊತೆ ಅಲ್ಲೇ ಕುಳಿತಿದ್ದಳು. "ಹರೇದ ಹುಡುಗಿ ರೇಣವ್ವಾ. ನನ್ನ ಜೋಡಿ ಇಟ್ಕೊಂಡ ಆಕಿನ್ನೂ ಮುದುಕಿ ಮಾಡ್ಲೇನು? ಹೋಗ್ಲಿ ಬಿಡು," ಎಂದಳು. ಅಷ್ಟಕ್ಕೇ ಸರಿಯಾಗಿ ದಾಕ್ಷಾಯಣಿ ಬಾಗಿಲಿಗೆ ಬಂದಿದ್ದಳು. ಆ ಮಾತು ಕೇಳಿ ಬಂದ ಹೆಜ್ಜೆಯಲ್ಲೇ ಒಳಗೆ ಹೋದಳು. ಗುರಸಿದ್ದವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಆಕಿ ಹೋದ್ರ ನಾ ಹ್ಯಾಂಗ ಇರ್ಲಿ?" ಎಂದದ್ದು ನನಗೆ ಮತ್ತು ರೇಣವ್ವನಿಗೆ ಮಾತ್ರ ಕೇಳಿತು. ರೇಣವ್ವ ಊರಿಗೆಲ್ಲ ಸುದ್ದಿ ಹಂಚುವವಳು, ಈ ಒಂದು ಮಾತನ್ನು ಮಾತ್ರ ಹೊಟ್ಟೆಯಲ್ಲಿ ಇಟ್ಟುಕೊಂಡಳು. ನನಗಂತೂ ಕೂಗಿ ಹೇಳಬೇಕೆನಿಸಿತು. ಕೂಗಿದ್ದರೂ ಡಬ್ಬಿ ಬಿತ್ತು ಎನ್ನುತ್ತಿದ್ದರು.

ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬದ ಮುಂಜಾನೆ ಬಂತು. ಆ ದಿನ ಮಧ್ಯಾಹ್ನ ಖಾದರಸಾಬ ಭಟ್ಟಿ ಮುಚ್ಚುತ್ತಾನೆ. ಶಿವಲೀಲಾ ನನ್ನ ಮುಚ್ಚಳ ತೆಗೆದು ಒಳಗೆ ಕೈ ಇಳಿಬಿಟ್ಟು ಮೂಲೆ ಕೆರೆಯತೊಡಗಿದಳು. ಹೋದ ವರ್ಷದ ಪುಡಿ ನನ್ನ ಸಂದಿಯಲ್ಲಿ ಚೂರು ಉಳಿದಿತ್ತು. ಅದನ್ನು ಉಗುರಿನಿಂದ ಕಿತ್ತು ಬಾಯಿಗೆ ಹಾಕಿಕೊಂಡಳು.

"ಏನ ತಿನ್ನಾಕತ್ತಿಯೇ?" ಎಂದು ಗುರಸಿದ್ದವ್ವ ಗದರಿದಳು.

"ಅಪ್ಪ ತಂದಿದ್ದು, ಆಯಿ. ಇನ್ನೂ ಒಂಚೂರ ಐತಿ. ನಿನಗ ಕೊಡ್ಲೇನು?"

ಕೂಸು ಬೆರಳ ತುದಿಯನ್ನು ಅಜ್ಜಿಯ ಮುಂದೆ ಹಿಡಿಯಿತು. ಗುರಸಿದ್ದವ್ವ ಅದನ್ನು ನೋಡುತ್ತ ನಿಂತಳು. ಆಮೇಲೆ ನನ್ನನ್ನು ಕಿತ್ತುಕೊಂಡು ಅಡುಗೆಮನೆಗೆ ನುಗ್ಗಿ, ಮೈದಾ ಸುರಿದಳು, ರವೆ ಸುರಿದಳು, ತುಪ್ಪದ ತಂಬಿಗೆಯನ್ನು ನನ್ನೊಳಗೆ ಕುಕ್ಕಿದಳು. "ದಾಕ್ಷಾಯಣಿ, ಸಕ್ರಿ ಎಲ್ಲೈತಿ? ನಡಿ, ಲಗೂ ನಡಿ!"

ಬಾಗಿಲಲ್ಲಿ ರೇಣವ್ವ ಅಡ್ಡ ಬಂದಳು. "ಯಕ್ಕಾ, ವರ್ಷ ತುಂಬಿಲ್ಲ. ಮಂದಿ ಏನಂದಾರು?"

"ಸತ್ತಾಂವ ನನ್ನ ಮಗ," ಎಂದಳು ಗುರಸಿದ್ದವ್ವ. "ಬ್ಯಾಡ ಅನ್ನಾಕೂ ನಾನ, ಮಾಡು ಅನ್ನಾಕೂ ನಾನ. ಮಂದಿಗೆ ಹೇಳು, ಬಂದು ನನ್ನ ಕೇಳ್ಲಿ."

ಕೂಸಿನ ಕೈ ಹಿಡಿದು ಓಣಿ ದಾಟುವವರೆಗೆ ಯಾರೂ ಕೇಳಲಿಲ್ಲ. ಅವಳ ಮುಖ ನೋಡಿದ್ದರೆ ನೀವೂ ಕೇಳುತ್ತಿರಲಿಲ್ಲ.

ಬೇಕರಿಯಲ್ಲಿ ಖಾದರಸಾಬ ಒಬ್ಬನೇ ಇದ್ದ. ಭಟ್ಟಿಯ ಬೆಂಕಿಯನ್ನು ಆಗಲೇ ಹೊರಗೆ ಎಳೆದು ಬಿಟ್ಟಿದ್ದ. "ಯವ್ವಾ, ಹುಡುಗರೆಲ್ಲಾ ಊರಿಗೆ ಹೋದ್ರು. ಒಳಗ ಬರೇ ಕಾವು ಉಳದೈತಿ."

"ಕಾವಿನಾಗ ಬೇಯೂದಿಲ್ಲೇನು?"

"ಬೆಂದ್ರ ಬೆಂದ್ವು. ಹಸಿ ಉಳದ್ರ ನನ್ನ ಬೈಬಾರ್ದು."

"ಬೈತೀನಿ. ಆದ್ರೂ ಇಡು."

ಅತ್ತೆ ಸೊಸೆ ಎದುರುಬದುರು ಕುಳಿತು ಒಂದೇ ಪರಾತದಲ್ಲಿ ಹಿಟ್ಟು ನಾದಿದರು. ರಾಚಪ್ಪ ಹೋದ ಮೇಲೆ ಇಬ್ಬರ ಕೈ ಒಂದು ಕೆಲಸಕ್ಕೆ ಕೂಡಿದ್ದು ಅಂದೇ ಮೊದಲು. "ತುಪ್ಪ ಸಾಕೇನು?" "ಸಾಕ್ರಿ." ಇಷ್ಟೇ ಮಾತು. ದಾಕ್ಷಾಯಣಿಯ ಕಣ್ಣು ತುಂಬಿತ್ತು. ಇದು ತನ್ನನ್ನು ಕಳಿಸಿಕೊಡುವ ಬುತ್ತಿ ಎಂದು ಅವಳು ತಿಳಿದಿದ್ದಳು. ತಟ್ಟೆ ಒಳಗೆ ಹೋಯಿತು, ಕಬ್ಬಿಣದ ಬಾಗಿಲು ಮುಚ್ಚಿತು. ಕಾವು ಇಳಿಯುತ್ತಿದೆ ಎಂದು ಖಾದರಸಾಬನ ಮುಖವೇ ಹೇಳುತ್ತಿತ್ತು. ಹಸಿ ಉಳಿದರೆ ಪದ್ಧತಿಯೂ ಹೋಯಿತು, ಹಿಟ್ಟೂ ಹೋಯಿತು. ಗುರಸಿದ್ದವ್ವ ನನ್ನ ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆಸುಗೆ ಬಿಡುತ್ತದೆಯೋ ಎಂದು ನನ್ನ ಜೀವವೇ ಹೋಗಿತ್ತು.

ಬಹಳ ಹೊತ್ತಿನ ಮೇಲೆ ಅವನು ಉದ್ದನೆಯ ಸಲಿಕೆಯಿಂದ ತಟ್ಟೆ ಎಳೆದ. ಬಣ್ಣ ಬಂದಿರಲಿಲ್ಲ, ಬೆಳ್ಳಗೆ ಇದ್ದವು. ಶಿವಲೀಲಾ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಮೂವರೂ ಅವಳ ಬಾಯಿಯನ್ನೇ ನೋಡಿದರು.

"ಬೆಂದಾವ," ಎಂದಿತು ಕೂಸು.

ಪಾಡ್ಯದ ದಿನ ಫಕ್ಕೀರೇಶ ಕಾರು ಮಾಡಿಕೊಂಡು ಬಂದ. ಒಳ್ಳೆಯ ಮನುಷ್ಯ, ತಂಗಿಯ ಮೇಲೆ ಜೀವ ಇಟ್ಟವನು. ಟ್ರಂಕು, ಚೀಲ ಎಲ್ಲ ಹಿಂದೆ ಹಾಕಿದ. ದಾಕ್ಷಾಯಣಿ ಅತ್ತೆಯ ಕಾಲಿಗೆ ಬಿದ್ದಳು. ಗುರಸಿದ್ದವ್ವ ಒಳಗೆ ಹೋಗಿ ನನ್ನನ್ನು ತಂದು ಅವಳ ಕೈಗೆ ಇಟ್ಟಳು.

"ಅಲ್ಲೇ ಚೊಲೋ ಅನಸಿದ್ರ ಅಲ್ಲೇ ಇರವಾ. ನಾ ಸಿಟ್ಟ ಮಾಡೂದಿಲ್ಲ. ಆದ್ರ ಡಬ್ಬಿ ನನ್ನದು. ಖಾಲಿ ಕಳಸಬ್ಯಾಡ. ಮಂದಿ ಕೈಯಾಗೂ ಕಳಸಬ್ಯಾಡ."

ಅಷ್ಟು ಹೇಳಿ ತಿರುಗಿ ನೋಡದೆ ಒಳಗೆ ಹೋದಳು.

ರಾಣೆಬೆನ್ನೂರಿನಲ್ಲಿ ನನಗೆ ದೊಡ್ಡ ಕಪಾಟಿನ ಮೇಲೆ ಜಾಗ ಸಿಕ್ಕಿತು. ಮನೆ ತುಂಬ ಮಂದಿ, ನಗೆ, ಫರಾಳದ ತಿಂಡಿ. ಶಿವಲೀಲಾ ಸೋದರಮಾವನ ಮಕ್ಕಳ ಜೊತೆ ಕುಣಿದಾಡುತ್ತಿದ್ದಳು. ನನಗೆ ಮಾತ್ರ ಒಂದೇ ಚಿಂತೆ. ಮಕ್ಕಳು ಒಂದೊಂದು ಸಲ ಕೈ ಹಾಕಿದಾಗಲೂ ನನ್ನ ಹೊಟ್ಟೆ ಇಳಿಯುತ್ತಿತ್ತು. ತಳ ಕಂಡ ದಿನ ಏನಾಗುತ್ತದೋ!

ತಳ ಕಂಡಿತು. ಸೂಟಿಯೂ ಮುಗಿಯುತ್ತ ಬಂದಿತ್ತು.

"ನಾಳೆ ಶಾಲಿಗೆ ಹೋಗಿ ಹೆಡ್‌ಮಾಸ್ತರನ್ನ ಕಂಡ ಬರೂಣು," ಎಂದ ಫಕ್ಕೀರೇಶ. "ಡಬ್ಬಿ ಗದಗ ಬಸ್ಸಿನಾಗ ಡ್ರೈವರನ ಕೈಯಾಗ ಕೊಟ್ಟ ಕಳಸ್ತೀನಿ."

ದಾಕ್ಷಾಯಣಿ ನನ್ನನ್ನು ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಮಂದಿ ಕೈಯಾಗ ಕಳಸಬ್ಯಾಡ ಅಂದಾರ ಅಣ್ಣಾ ಅವರು."

"ಆ ಮನಿಯಾಗ ನಿನಗ ಇನ್ನ ಯಾರ ಅದಾರ ಹುಚ್ಚಿ?"

"ಅತ್ತಿ ಅದಾರ." ಅವಳು ನನ್ನನ್ನು ಕೆಳಗಿಟ್ಟಳು. "ಇಲ್ಲೆ ಎಲ್ಲಾರೂ ನನ್ನ ಚೊಲೋ ನೋಡ್ಕೊಂತೀರಿ. ನಾ ಅಳಬಾರ್ದಂತ ಕೂಸಿನ ಅಪ್ಪನ ಹೆಸರನೂ ಎತ್ತೂದಿಲ್ಲ. ನನಗ ಅವರ ಸುದ್ದಿ ಮಾತಾಡಬೇಕಣ್ಣಾ. ನನ್ನಷ್ಟ ಅವರನ್ನ ನೆನಸಾವ್ರು ಈ ಲೋಕದಾಗ ಅತ್ತಿ ಒಬ್ರ. 'ಹೋಗ್ಲಿ ಬಿಡು' ಅಂದಿದ್ರು ನನಗ. ಹೋಗ್ಲಿ ಅನ್ನಾವ್ರು ಭಟ್ಟಿ ಮುಂದ ಕುಂತ ಈ ಡಬ್ಬಿ ಹಿಡಿಕಿ ಹಂಗ ಯಾಕ ಬಿಗಿ ಹಿಡಕೊಂಡಿದ್ರು?"

ಫಕ್ಕೀರೇಶ ಎದ್ದು ಪೇಟೆಗೆ ಹೋಗಿ ಶೇಂಗಾ, ಬೆಲ್ಲ ತಂದುಕೊಟ್ಟ.

ನಮ್ಮ ಕಡೆ ಇನ್ನೊಬ್ಬರ ಡಬ್ಬಿಯನ್ನು ಖಾಲಿ ಮರಳಿಸುವುದಿಲ್ಲ. ದಾಕ್ಷಾಯಣಿ ಶೇಂಗಾ ಹೋಳಿಗೆ ಮಾಡಿ ನನ್ನ ಕುತ್ತಿಗೆಯವರೆಗೆ ತುಂಬಿದಳು. ಬಸ್ಸಿನಲ್ಲಿ ಶಿವಲೀಲಾಳ ಪಕ್ಕ, ಅವಳ ಅವ್ವನ ತೊಡೆಯ ಮೇಲೆ ಕುಳಿತು ಬಂದೆ. ಓಣಿಯ ಬಾಯಿಗೆ ಬಂದಾಗ ಗುರಸಿದ್ದವ್ವ ಕಟ್ಟೆಯ ಮೇಲಿದ್ದಳು. ನಮ್ಮನ್ನು ಕಂಡು ಎದ್ದಳು, ಮತ್ತೆ ಕುಳಿತಳು.

"ಡಬ್ಬಿ ತಂದೀನ್ರಿ ಅತ್ತಿ."

"ಡಬ್ಬಿಗೆ ಬೆಂಕಿ ಹತ್ತಲಿ," ಎಂದಳು ಗುರಸಿದ್ದವ್ವ. "ನೀ ಬರ್ತಿಯೋ ಇಲ್ಲೋ ಅಂತ ದಾರಿ ನೋಡಿ ನೋಡಿ ಕಣ್ಣ ಹೋದ್ವು ನನ್ನವು." ಸೊಸೆಯ ಕೊರಳಿಗೆ ಬಿದ್ದು ಓಣಿಗೆಲ್ಲ ಕೇಳುವಂತೆ ಅತ್ತಳು. ನಾನು ನಡುವೆ ಸಿಕ್ಕಿಕೊಂಡಿದ್ದೆ. ನನ್ನ ಎಡಮಗ್ಗುಲಿನ ತಗ್ಗು ಅಂದು ಬಿದ್ದದ್ದು. ಬೆಂಕಿ ಹತ್ತಲಿ ಎಂದದ್ದಕ್ಕೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ತಳ ತುಕ್ಕು ಹಿಡಿದು ತೂತಾಗಿದೆ. ಭಟ್ಟಿಗೆ ಸ್ಟೀಲಿನ ಡಬ್ಬಿ ಹೋಗುತ್ತದೆ, ಮಿರಮಿರ ಮಿಂಚುತ್ತದೆ, ಅದಕ್ಕೆ ಗರ್ವ ಬಹಳ. ಅದನ್ನು ಹೊತ್ತೊಯ್ಯುವವಳು ಶಿವಲೀಲಾ, ಈಗ ಶಾಲೆಯಲ್ಲಿ ಟೀಚರು. ನನ್ನೊಳಗೆ ಮಣ್ಣು ತುಂಬಿ ಸೇವಂತಿಗೆ ಸಸಿ ಹಚ್ಚಿ ಕಟ್ಟೆಯ ಮೂಲೆಯಲ್ಲಿ ಇಟ್ಟಿದ್ದಾರೆ. ದೀಪಾವಳಿಗೆ ಹೂ ಬಿಡುತ್ತೇನೆ.

ಪಕ್ಕದಲ್ಲಿ ಗುರಸಿದ್ದವ್ವ ಬಿಸಿಲು ಕಾಯಿಸಿಕೊಳ್ಳುತ್ತ ಕೂರುತ್ತಾಳೆ. ಅವಳಿಗೆ ಈಗ ಊಟ ಮಾಡಿದ್ದು ನೆನಪಿರುವುದಿಲ್ಲ, ಮೊಮ್ಮಗಳ ಹೆಸರು ತಪ್ಪುತ್ತದೆ. ಎಲ್ಲ ಮರೆತರೂ ಒಂದು ಹೆದರಿಕೆ ಮಾತ್ರ ಹೋಗಿಲ್ಲ. ಈ ಸಲ ನೀರು ತುಂಬುವ ಹಬ್ಬದ ಮುಂಜಾನೆ ದಾಕ್ಷಾಯಣಿ ಕೈಚೀಲ ಹಿಡಿದು ಹೊಸ್ತಿಲು ದಾಟುವುದನ್ನು ಕಂಡು ಮುದುಕಿ ಕೂಗಿ ಕೇಳಿದಳು.

"ಎಲ್ಲಿಗೆ ಹೊಂಟಿ? ಫಕ್ಕೀರೇಶ ಬಂದಾನೇನು?"

"ಯಾರೂ ಬಂದಿಲ್ರಿ ಅತ್ತಿ. ಕೊತಂಬ್ರಿ ತರಾಕ ಹೊಂಟೀನಿ."

"ಹೋಗೂದಾದ್ರ ಡಬ್ಬಿ ಒಯ್ಯವಾ."

ದಾಕ್ಷಾಯಣಿ ಚೀಲ ಕೆಳಗಿಟ್ಟು ಅವಳ ಪಕ್ಕ ಕುಳಿತಳು. ಅವಳ ತಲೆಯೂ ನರೆತಿದೆ.

"ಡಬ್ಬಿ ತೂತ ಬಿದ್ದೈತ್ರಿ ಅತ್ತಿ," ಎಂದಳು. "ಇನ್ನ ನಾ ಎಲ್ಲಿಗೆ ಹೋಗ್ಲಿ?"

ಗುರಸಿದ್ದವ್ವ ಬಗ್ಗಿ ನನ್ನನ್ನು ಓರೆ ಮಾಡಿ ತಳವನ್ನು ಕೈಯಿಂದ ತಡವಿ ನೋಡಿದಳು. ಬೆರಳು ತೂತಿನಲ್ಲಿ ಹೋಯಿತು. "ಚೊಲೋ ಆತು ಬಿಡು," ಎಂದು ಗೋಡೆಗೆ ಒರಗಿ ಮತ್ತೆ ಬಿಸಿಲಿಗೆ ಮುಖ ಒಡ್ಡಿದಳು. ನನಗೆ ತೂತು ಬಿದ್ದದ್ದಕ್ಕೆ ಖುಷಿಪಟ್ಟವಳು ಈ ಲೋಕದಲ್ಲಿ ಅವಳೊಬ್ಬಳೇ.